ಬೇಲಿ ತೆಗೆದ ಬೆಟ್ಟ, ಬೇಲಿ ಉಳಿದ ಗುಡ್ಡ

ಸೀನಾಯಿ ಬೆಟ್ಟ ಎಲ್ಲಿದೆ ಅಂತ ಕೇಳಿದ್ರೆ ನಿಮ್ಮಲ್ಲಿ ಅರ್ಧ ಜನ ಈಗಲೇ ಫೋನ್ ತೆಗೆದು ಮ್ಯಾಪ್‌ನಲ್ಲಿ ತೋರಿಸಿಬಿಡ್ತೀರಿ. ಈಜಿಪ್ಟ್‌ನಲ್ಲಿ, ಜೆಬೆಲ್ ಮೂಸಾ, 2285 ಮೀಟರ್ ಎತ್ತರ, ಬುಡದಲ್ಲಿ ಸೇಂಟ್ ಕ್ಯಾಥರೀನ್ ಮಠ, ರಾತ್ರಿ ಹತ್ತೋಕೆ ಶುರು ಮಾಡಿದ್ರೆ ಸೂರ್ಯೋದಯಕ್ಕೆ ಮೇಲಿರ್ತೀರಿ, ಒಂಟೆ ಕೂಡ ಸಿಗುತ್ತೆ. ಸರಿ. ಆದ್ರೆ ಅದೇ ಬೆಟ್ಟ ಅಂತ ಗುರುತು ಹಚ್ಚಿದ್ದು ಕ್ರಿಶ್ಚಿಯನ್ ಸನ್ಯಾಸಿಗಳು, ಅದೂ ಕ್ರಿ.ಶ. 4ನೇ ಶತಮಾನದ ಹೊತ್ತಿಗೆ. ಎಗೇರಿಯಾ ಅನ್ನೋ ಒಬ್ಬ ಯಾತ್ರಿಕ ಹೆಂಗಸು 380ರ ದಶಕದಲ್ಲಿ ಆ ಬೆಟ್ಟ ಹತ್ತಿ ಬಂದು ಬರೆದಿಟ್ಟಿದ್ದಾಳೆ, ಆಮೇಲೆ 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಅಲ್ಲಿ ಕೋಟೆ ಥರದ ಮಠ ಕಟ್ಟಿಸಿದ. ಅದಕ್ಕೆ ಮುಂಚಿನ ಯಹೂದಿ ಬರಹಗಳಲ್ಲಿ ಹುಡುಕಿದ್ರೆ ಬೆಟ್ಟದ ಅಡ್ರೆಸ್ಸೇ ಸಿಗಲ್ಲ. ಹಾಗಾಗಿ ಇವತ್ತಿಗೂ ಒಬ್ಬರು ಜೆಬೆಲ್ ಸೆರ್ಬಾಲ್ ಅಂತಾರೆ, ಇನ್ನೊಬ್ಬರು ನೆಗೆವ್ ಮರುಭೂಮಿಯ ಹರ್ ಕರ್ಕೋಮ್ ಅಂತಾರೆ, ಮತ್ತೊಬ್ಬರು ಸೌದಿ ಅರೇಬಿಯಾದ ಜೆಬೆಲ್ ಅಲ್ ಲೌಜ್ ಅಂತ ಯೂಟ್ಯೂಬ್‌ನಲ್ಲಿ ಗಂಟೆಗಟ್ಲೆ ವಾದ ಮಾಡ್ತಾರೆ.

ಯೋಚನೆ ಮಾಡಿ, ಒಂದು ಜನಾಂಗಕ್ಕೆ ದೇವರು ನೇರವಾಗಿ ಮಾತಾಡಿದ ಜಾಗ, ದಶಾಜ್ಞೆ ಕೊಟ್ಟ ಜಾಗ, ಅದು ಎಲ್ಲಿದೆ ಅನ್ನೋದನ್ನೇ ಅವರು ಕಾಪಾಡಿಕೊಂಡಿಲ್ಲ. ನಮ್ಮ ಕಡೆ ಒಂದು ಬೆಟ್ಟಕ್ಕೆ ಮಹಿಮೆ ಇದೆ ಅಂತ ಸುದ್ದಿ ಹಬ್ಬಿದ್ರೆ ಸಾಕು, ಮೊದ್ಲು ಒಂದು ಗುಡಿ, ಆಮೇಲೆ ಮೆಟ್ಟಿಲು, ಆಮೇಲೆ ಜಾತ್ರೆ, ಹರಕೆ, ಬಸ್ ಸ್ಟ್ಯಾಂಡು. ಸೀನಾಯಿಗೆ ಇದ್ಯಾವುದೂ ಆಗ್ಲಿಲ್ಲ. ಯಾತ್ರೆ ಹೋಗಿ ಅಂತ ಹೀಬ್ರೂ ಬೈಬಲ್, ಅಂದ್ರೆ ಕ್ರಿಶ್ಚಿಯನ್ನರು ಹಳೇ ಒಡಂಬಡಿಕೆ ಅನ್ನೋ ಯಹೂದಿ ಗ್ರಂಥ, ಎಲ್ಲೂ ಹೇಳಲ್ಲ. ಇಡೀ ಹೀಬ್ರೂ ಬೈಬಲ್‌ನಲ್ಲಿ ಆ ಬೆಟ್ಟಕ್ಕೆ ವಾಪಸ್ ಹೋದವನು ಒಬ್ಬನೇ, ಪ್ರವಾದಿ ಎಲೀಯ, ಅವನೂ ಭಕ್ತಿಯಿಂದ ಹೋಗಿದ್ದಲ್ಲ, ರಾಣಿ ಈಜೆಬೆಲಳಿಗೆ ಹೆದರಿ ಜೀವ ಉಳಿಸಿಕೊಳ್ಳೋಕೆ ಓಡಿದ್ದು, ನಲವತ್ತು ಹಗಲು ನಲವತ್ತು ರಾತ್ರಿ ನಡೆದು ಹೋರೇಬ್ ಬೆಟ್ಟಕ್ಕೆ ಬರ್ತಾನೆ. ಹೋರೇಬ್ ಅಂದ್ರೂ ಸೀನಾಯಿ ಅಂದ್ರೂ ಒಂದೇ ಅಂತ ಇಟ್ಕೊಳ್ಳಿ. ಗುಹೆಯೊಳಗೆ ಕೂತ ಅವನಿಗೆ ದೇವರು ಕೇಳೋ ಮೊದಲ ಪ್ರಶ್ನೆ ಏನು ಗೊತ್ತಾ? ಎಲೀಯ, ಇಲ್ಲೇನು ಮಾಡ್ತಿದ್ದೀಯ. ಬಿರುಗಾಳಿ, ಭೂಕಂಪ, ಬೆಂಕಿ ಎಲ್ಲ ಬಂದು ಹೋದ ಮೇಲೆ ಮತ್ತೆ ಅದೇ ಪ್ರಶ್ನೆ. ಅವನೂ ಎರಡು ಸಲ ಅದೇ ಉತ್ತರ ಕೊಡ್ತಾನೆ, ಕೊನೆಗೆ ಬಂದ ದಾರಿ ಹಿಡಿದು ಹೋಗು, ಕೆಲಸ ಇದೆ ಅಂತ ವಾಪಸ್ ಕಳಿಸ್ತಾನೆ ದೇವರು. ಅಷ್ಟು ದೂರ ನಡೆದು ಬಂದವನನ್ನ ಇನ್ನೆರಡು ದಿನ ಇರು ಅಂತ ಕೂಡ ಹೇಳಲ್ಲ.

ಇವತ್ತು ನಾನು ಹೇಳಬೇಕು ಅಂತಿರೋದು ಇಷ್ಟೇ: ಪ್ರಾಚೀನ ಯಹೂದಿ ಬರಹಗಾರರ ತಲೆಯಲ್ಲಿ ಪವಿತ್ರ ಬೆಟ್ಟದ ಎರಡು ಕಲ್ಪನೆ ಇದ್ವು, ಒಂದು ಸೀನಾಯಿ ಥರದ್ದು, ಇನ್ನೊಂದು ಯೆರೂಸಲೇಮಿನ ದೇವಾಲಯದ ಗುಡ್ಡ ಚೀಯೋನ್ ಥರದ್ದು, ಈ ಎರಡಕ್ಕೂ ಪೂರ್ತಿ ರಾಜಿ ಆಗಲೇ ಇಲ್ಲ. ನಮ್ಮ ಕನ್ನಡ ಬೈಬಲ್‌ನಲ್ಲಿ ಚೀಯೋನ್ ಅಂತಲೇ ಇರೋದು, ನಾನೂ ಹಾಗೇ ಹೇಳ್ತೀನಿ.

ಮೊದಲು ಸೀನಾಯಿ ಕಥೆಯನ್ನ ಹತ್ತಿರದಿಂದ ನೋಡಿ, ವಿಮೋಚನಕಾಂಡ 19ನೇ ಅಧ್ಯಾಯ. ಈಜಿಪ್ಟಿನ ಗುಲಾಮಗಿರಿಯಿಂದ ಜನರನ್ನ ಹೊರಗೆ ಕರ್ಕೊಂಡು ಬಂದ ಮೋಶೆಗೆ ದೇವರು ಹೇಳ್ತಾನೆ, ಬೆಟ್ಟದ ಸುತ್ತ ಗಡಿ ಹಾಕು. ಯಾರೂ ಹತ್ತಬಾರದು, ಅಂಚನ್ನು ಮುಟ್ಟಲೂ ಬಾರದು. ಮುಟ್ಟಿದವನು ಸಾಯಬೇಕು, ಅವನನ್ನ ಕೊಲ್ಲೋವಾಗಲೂ ಕೈಯಿಂದ ಮುಟ್ಟಬಾರದು, ದೂರದಿಂದಲೇ ಕಲ್ಲೆಸೆದೋ ಬಾಣ ಬಿಟ್ಟೋ ಕೊಲ್ಲಬೇಕು, ಮನುಷ್ಯ ಆದ್ರೂ ಸರಿ ದನ ಆದ್ರೂ ಸರಿ. ಕರೆಂಟ್ ಹರೀತಿರೋ ತಂತಿ ಹಿಡಿದವನನ್ನ ನಾವು ಮುಟ್ಟಲ್ವಲ್ಲ, ಹೆಚ್ಚು ಕಮ್ಮಿ ಆ ಲೆಕ್ಕ. ಜನ ಎರಡು ದಿನ ಬಟ್ಟೆ ಒಗೆದು ಶುದ್ಧ ಆಗ್ತಾರೆ, ಮೂರನೇ ದಿನ ಬೆಳಿಗ್ಗೆ ಗುಡುಗು, ಮಿಂಚು, ದಟ್ಟ ಮೋಡ, ಬೆಟ್ಟ ಪೂರ್ತಿ ಆವಿಗೆ ಥರ ಹೊಗೆ ಕಾರುತ್ತೆ.

ಈ ದೃಶ್ಯ ಎಲ್ಲರಿಗೂ ನೆನಪಿರುತ್ತೆ, ಸಿನಿಮಾದವರೂ ಇದನ್ನೇ ತೋರಿಸೋದು. ಎಲ್ಲರೂ ದಾಟಿಕೊಂಡು ಹೋಗೋದು 13ನೇ ವಚನದ ಬಾಲದಲ್ಲಿರೋ ಒಂದು ಸಣ್ಣ ಮಾತನ್ನ. ಟಗರಿನ ಕೊಂಬಿನ ಕಹಳೆ ದೀರ್ಘವಾಗಿ ಊದಿದಾಗ ಅವರು ಬೆಟ್ಟ ಹತ್ತಬಹುದು. ಅಂದ್ರೆ ನಿಷೇಧಕ್ಕೆ ಒಂದು ಎಕ್ಸ್‌ಪೈರಿ ಇದೆ! ಕೊಂಬು ಊದಿದ್ರೆ ಮುಗೀತು, ಬೇಲಿ ತೆಗೀರಿ. ರಬ್ಬಿಗಳ, ಅಂದ್ರೆ ಯಹೂದಿ ಧರ್ಮಗುರುಗಳ, ಚರ್ಚೆಗಳನ್ನ ಕಲೆಹಾಕಿದ ಗ್ರಂಥ ತಾಲ್ಮುದ್‌ನಲ್ಲಿ ರಬ್ಬಿ ಯೋಸೆ ಅನ್ನೋರು ಇದನ್ನೇ ಹಿಡ್ಕೊಂಡು ಒಂದು ಮಾತು ಹೇಳ್ತಾರೆ, ಮನುಷ್ಯನಿಗೆ ಜಾಗ ಗೌರವ ತರಲ್ಲ, ಜಾಗಕ್ಕೆ ಮನುಷ್ಯ ಗೌರವ ತರ್ತಾನೆ ಅಂತ. ಅದಕ್ಕೆ ಸಾಕ್ಷಿ ಸೀನಾಯಿಯೇ. ದೇವರ ಸಾನ್ನಿಧ್ಯ ಅಲ್ಲಿದ್ದಷ್ಟು ಹೊತ್ತು, ಆ ಬೆಟ್ಟದ ಎದುರಿಗೆ ಕುರಿ ದನ ಕೂಡ ಮೇಯಬಾರದು ಅಂತ ಧರ್ಮಶಾಸ್ತ್ರ ಹೇಳ್ತು, ಸಾನ್ನಿಧ್ಯ ಹೋಯ್ತು, ಕೊಂಬು ಊದಿದ್ಮೇಲೆ ಹತ್ತಿ ಅಂತ ಅದೇ ಶಾಸ್ತ್ರ ಹೇಳ್ತು. ನಿನ್ನೆ ಮುಟ್ಟಿದ್ರೆ ಸಾವು, ಇವತ್ತು ಕುರಿ ಮೇಯಿಸ್ಕೊಂಡು ಬನ್ನಿ. ಕಲ್ಲು ಅದೇ, ಮಣ್ಣೂ ಅದೇ.

ಇದು ಸೀನಾಯಿ ಮಾದರಿ. ಘಟನೆ ನಡೀತಿರೋವರೆಗೆ ಪವಿತ್ರ.

ಹಾಗಾದ್ರೆ ಆ ಪಾವಿತ್ರ್ಯ ಎಲ್ಲಿಗೆ ಹೋಯ್ತು? 24ನೇ ಅಧ್ಯಾಯಕ್ಕೆ ಬನ್ನಿ. ಮೋಶೆ, ಅವನ ಅಣ್ಣ ಆರೋನ, ಆರೋನನ ಇಬ್ಬರು ಮಕ್ಕಳು, ಜೊತೆಗೆ ಎಪ್ಪತ್ತು ಜನ ಹಿರಿಯರು ಬೆಟ್ಟದ ಮೇಲೆ ಸ್ವಲ್ಪ ದೂರ ಹೋಗ್ತಾರೆ, ಅಲ್ಲಿ ಇಸ್ರೇಲಿನ ದೇವರನ್ನ ನೋಡ್ತಾರೆ ಅಂತ ಪಠ್ಯ ನೇರವಾಗಿ ಹೇಳುತ್ತೆ, ಅವನ ಕಾಲ ಕೆಳಗೆ ಆಕಾಶದಷ್ಟು ತಿಳಿಯಾದ ನೀಲಮಣಿಯ ನೆಲಗಟ್ಟು. ಆಮೇಲೆ ಏನ್ಮಾಡಿದ್ರು? ಊಟ ಮಾಡಿದ್ರು, ಕುಡಿದ್ರು. ಹಾಗಂತಲೇ ಬರೆದಿದೆ. ನನಗೆ ಇಡೀ ವಿಮೋಚನಕಾಂಡದಲ್ಲಿ ತುಂಬಾ ಇಷ್ಟವಾದ ಜಾಗ ಇದು, ದೇವರನ್ನ ನೋಡಿ ಸಾಯಲಿಲ್ಲ, ಊಟಕ್ಕೆ ಕೂತ್ರು. ಅಲ್ಲಿಂದ ಮುಂದೆ ಮೋಶೆ ಒಬ್ಬನೇ ಮೋಡದೊಳಗೆ ಹೋಗ್ತಾನೆ. ಸರಿಯಾಗಿ ಗಮನಿಸಿ, ಬುಡದಲ್ಲಿ ಜನ, ನಡುವೆ ಹಿರಿಯರು, ತುದಿಯಲ್ಲಿ ಒಬ್ಬ. ಈಗ ಮರುಭೂಮಿಯಲ್ಲಿ ಅವರು ಹೊತ್ಕೊಂಡು ತಿರುಗಿದ ದೇವದರ್ಶನದ ಗುಡಾರ ನೋಡಿ, ಹೊರಗಿನ ಅಂಗಳಕ್ಕೆ ಜನ, ಒಳಗೆ ಪವಿತ್ರ ಸ್ಥಳಕ್ಕೆ ಯಾಜಕರು, ಅದರೊಳಗೆ ಮಹಾಪವಿತ್ರ ಸ್ಥಳಕ್ಕೆ ವರ್ಷಕ್ಕೊಂದು ದಿನ ಮಹಾಯಾಜಕ ಒಬ್ಬ. ಬೆಟ್ಟವನ್ನ ಮಲಗಿಸಿ ಟೆಂಟ್ ಮಾಡಿದ್ದಾರೆ ಅಷ್ಟೇ. ಇದು ನನ್ನ ಸ್ವಂತ ಕಂಡುಹಿಡಿತ ಏನಲ್ಲ, 13ನೇ ಶತಮಾನದಲ್ಲೇ ನಹ್ಮಾನಿದೀಸ್ ಅನ್ನೋ ಸ್ಪೇನ್‌ನ ಪಂಡಿತರು ಹೇಳಿದ್ರು, ಸೀನಾಯಿ ಮೇಲೆ ಬಹಿರಂಗವಾಗಿ ಇಳಿದ ಮಹಿಮೆ ಗುಡಾರದಲ್ಲಿ ಗುಟ್ಟಾಗಿ ನೆಲೆಸ್ತು ಅಂತ. ಹೀಗೆ ಬೆಟ್ಟ ಜನರ ಜೊತೆ ನಡೆದು ಬಂತು, ಕಲ್ಲಿನ ಬೆಟ್ಟ ಅಲ್ಲೇ ಹಿಂದೆ ಉಳೀತು.

ಇಲ್ಲೇ ಇನ್ನೊಂದು ಹೇಳಿಬಿಡ್ತೀನಿ, ಸ್ವಲ್ಪ ದಾರಿ ತಪ್ಪುತ್ತೆ, ಆದ್ರೂ ಬಿಡೋಕೆ ಮನಸ್ಸಿಲ್ಲ. ತಾಲ್ಮುದ್‌ನಲ್ಲಿ ಒಬ್ಬ ರಬ್ಬಿ ಹೇಳ್ತಾರೆ, ಜನ ಬೆಟ್ಟದ ಬುಡದಲ್ಲಿ ನಿಂತಿದ್ರು ಅಂದ್ರೆ ನಿಜವಾಗಲೂ ಬೆಟ್ಟದ ಅಡಿಯಲ್ಲೇ ನಿಂತಿದ್ರು, ದೇವರು ಬೆಟ್ಟವನ್ನ ಕಿತ್ತು ಕೊಪ್ಪರಿಗೆ ಕವುಚಿದ ಹಾಗೆ ಅವರ ತಲೆ ಮೇಲೆ ಹಿಡಿದು, ಧರ್ಮಶಾಸ್ತ್ರ ಒಪ್ಕೊಂಡ್ರೆ ಸರಿ, ಇಲ್ದಿದ್ರೆ ನಿಮ್ಮ ಸಮಾಧಿ ಇಲ್ಲೇ ಅಂದ ಅಂತ. ತಕ್ಷಣ ಇನ್ನೊಬ್ಬ ರಬ್ಬಿ ಎದ್ದು, ಹಾಗಾದ್ರೆ ಇದು ಶಾಸ್ತ್ರದ ವಿರುದ್ಧವೇ ದೊಡ್ಡ ತಕರಾರಲ್ವಾ ಅಂತಾರೆ. ಹೆದರಿಸಿ ಹಾಕಿಸಿಕೊಂಡ ಸಹಿ ಕೋರ್ಟಲ್ಲಿ ನಿಲ್ಲುತ್ತಾ? ಅದಕ್ಕೆ ರಾವಾ ಅನ್ನೋ ಮೂರನೆಯವರು, ಪರ್ಷಿಯಾದಲ್ಲಿ ಎಸ್ತೇರ್ ರಾಣಿ ಕಾಲಕ್ಕೆ ಅವರು ತಾವಾಗೇ ಮತ್ತೆ ಒಪ್ಕೊಂಡ್ರಪ್ಪ ಅಂತ ಸಮಾಧಾನ ಹೇಳ್ತಾರೆ. ತಮ್ಮ ಧರ್ಮದ ಬುನಾದಿಯ ಘಟನೆಗೇ ಲಾಯರ್ ಪ್ರಶ್ನೆ ಹಾಕಿ, ಅದನ್ನ ಅಳಿಸದೆ ಪವಿತ್ರ ಗ್ರಂಥದೊಳಗೇ ಉಳಿಸಿಕೊಂಡಿದ್ದಾರೆ ನೋಡಿ, ಆ ಧೈರ್ಯ ನನಗೆ ಇಷ್ಟ.

ಸರಿ, ಬೆಟ್ಟಕ್ಕೆ ಬರೋಣ. ಇಸ್ರೇಲಿನ ಸುತ್ತಮುತ್ತಲಿನವರಿಗೆ ಬೆಟ್ಟ ಅಂದ್ರೆ ದೇವರ ಮನೆ. ಇವರಿಗೂ ಒಳಗೊಳಗೆ ಹಾಗೇ, ಆದ್ರೆ ಧರ್ಮೋಪದೇಶಕಾಂಡ 12ನೇ ಅಧ್ಯಾಯ ಎತ್ತರದ ಬೆಟ್ಟಗಳ ಮೇಲೆ, ಗುಡ್ಡಗಳ ಮೇಲೆ, ಹಸಿರು ಮರಗಳ ಕೆಳಗೆ ಇರೋ ಪೂಜಾಸ್ಥಳ ಎಲ್ಲ ಕೆಡವಿ ಅನ್ನುತ್ತೆ. ಕ್ರಿ.ಪೂ. 7ನೇ ಶತಮಾನದ ಕೊನೇಲಿ ಯೋಷೀಯ ರಾಜ ಅದನ್ನ ಮಾಡಿಯೂ ಬಿಟ್ಟ, ಊರೂರಿನ ಗುಡ್ಡದ ಮೇಲಿನ ಬಲಿಪೀಠಗಳು ಹೋದ್ವು. ಇನ್ನೊಂದು ಕಥೆ ಒಂದನೇ ಅರಸುಗಳು 20ರಲ್ಲಿದೆ, ಸಿರಿಯಾ ಕಡೆಯ ಅರಾಮ್ಯರು ಒಮ್ಮೆ ಇಸ್ರೇಲಿನ ಎದುರು ಸೋತು ಹೋಗ್ತಾರೆ, ಮಂತ್ರಿಗಳು ಕೂತು ಲೆಕ್ಕ ಹಾಕ್ತಾರೆ, ಅವರ ದೇವರು ಬೆಟ್ಟದ ದೇವರು ಸ್ವಾಮಿ, ಅದಕ್ಕೇ ಗೆದ್ರು, ಮುಂದಿನ ಸಲ ಬಯಲಿಗೆ ಕರೆದು ಯುದ್ಧ ಮಾಡೋಣ. ಯುದ್ಧ ಬಯಲಲ್ಲಿ ನಡೆಯುತ್ತೆ, ಅಲ್ಲೂ ಸೋಲ್ತಾರೆ. ಈ ಕಥೆ ಬರೆದವನಿಗೆ ಅರಾಮ್ಯರಿಗಿಂತ ಹೆಚ್ಚಾಗಿ ತನ್ನ ಜನರಿಗೇ ಹೇಳೋದಿತ್ತು ಅನ್ನಿಸುತ್ತೆ ನನಗೆ.

ಈಗ ಚೀಯೋನ್. ಇದರ ಎತ್ತರ ಮೊದ್ಲು ಹೇಳಿಬಿಡ್ತೀನಿ, ದೇವಾಲಯ ಇದ್ದ ಗುಡ್ಡ ಸಮುದ್ರಮಟ್ಟದಿಂದ ಸುಮಾರು 740 ಮೀಟರ್. ಎದುರಿಗೇ ಕಿದ್ರೋನ್ ಕಣಿವೆಯ ಆಚೆ ಇರೋ ಎಣ್ಣೆಮರಗಳ ಗುಡ್ಡ 800 ದಾಟುತ್ತೆ. ಅಂದ್ರೆ ಪಕ್ಕದ ಗುಡ್ಡದ ಮೇಲೆ ನಿಂತವನು ದೇವಾಲಯವನ್ನ ಕೆಳಗೆ ನೋಡಬೇಕು. ಸುತ್ತ ಬೆಟ್ಟಗಳು, ನಡುವೆ ಗಿಡ್ಡ ಗುಡ್ಡ. ಅದರ ಮೂಲ ಕಥೆಯೂ ಗುಡುಗು ಮಿಂಚಿನದ್ದಲ್ಲ, ಒಂದು ಜಮೀನು ಖರೀದಿ ಕಥೆ. ಎರಡನೇ ಸಮುವೇಲದ ಕೊನೇ ಅಧ್ಯಾಯ. ಇಸ್ರೇಲಿನ ರಾಜ ದಾವೀದ ಜನಗಣತಿ ಮಾಡಿಸಿ ತಪ್ಪು ಮಾಡ್ತಾನೆ, ಊರಿಗೆ ಮಹಾಮಾರಿ ಬರುತ್ತೆ, ಕೊಲ್ಲೋ ದೇವದೂತ ಯೆರೂಸಲೇಮಿನ ಪಕ್ಕ ಅರೌನ ಅನ್ನೋ ಯೆಬೂಸಿಯನ ಕಣದ ಹತ್ರ ಬಂದು ನಿಲ್ತಾನೆ. ಕಣ, ಗೋಧಿ ಒಕ್ಕೋ ಕಣ, ಗಾಳಿಗೆ ತೂರೋಕೆ ಅನುಕೂಲ ಆಗೋ ಹಾಗೆ ಎತ್ತರದಲ್ಲಿ ಮಾಡ್ಕೊಂಡಿರೋದು. ದಾವೀದ ಹೋಗಿ ಬಲಿಪೀಠ ಕಟ್ಟೋಕೆ ಕಣ ಕೊಡು ಅಂತಾನೆ. ಅರೌನ, ಒಡೆಯ, ದುಡ್ಡು ಯಾಕೆ, ಕಣ ತಗೊಳ್ಳಿ, ಬಲಿಗೆ ಎತ್ತುಗಳನ್ನ ತಗೊಳ್ಳಿ, ಸೌದೆಗೆ ಒಕ್ಕೋ ಹಲಗೆ, ನೊಗ ಎಲ್ಲ ಇದೆ ಅಂತಾನೆ. ದಾವೀದ ಬೇಡ ಅಂತಾನೆ, ನನಗೆ ಖರ್ಚಿಲ್ಲದ ಬಲಿಯನ್ನ ನನ್ನ ದೇವರಿಗೆ ಕೊಡಲ್ಲ. ಐವತ್ತು ಶೆಕೆಲ್ ಬೆಳ್ಳಿ ಕೊಟ್ಟು ಕಣ, ಎತ್ತು ಎರಡೂ ಕೊಂಡ್ಕೊಳ್ತಾನೆ.

ಇದೇ ಕಥೆಯನ್ನ ಪೂರ್ವಕಾಲವೃತ್ತಾಂತ ಪುಸ್ತಕ ಮತ್ತೆ ಹೇಳೋವಾಗ ರೇಟು ಏರಿದೆ, ಆರುನೂರು ಶೆಕೆಲ್ ಬಂಗಾರ. ಯಾಕೆ ಅಂದ್ರೆ ಅದನ್ನ ಬರೆಯೋ ಹೊತ್ತಿಗೆ ಅದು ಬರೀ ಕಣ ಅಲ್ಲ, ದೇವಾಲಯದ ಬೆಟ್ಟ. ತಾಲ್ಮುದ್‌ನವರು ಎರಡನ್ನೂ ಬಿಡೋ ಹಾಗಿಲ್ಲವಲ್ಲ, ಅದಕ್ಕೆ ಕುಲಕ್ಕೆ ಐವತ್ತರಂತೆ ಹನ್ನೆರಡು ಕುಲದಿಂದ ಎತ್ತಿದ, ಒಟ್ಟು ಆರುನೂರು ಆಯ್ತು ಅಂತ ಟ್ಯಾಲಿ ಮಾಡ್ತಾರೆ. ಲೆಕ್ಕ ಚೆನ್ನಾಗಿದೆ, ಬೆಳ್ಳಿ ಬಂಗಾರದ ವ್ಯತ್ಯಾಸಕ್ಕೆ ಇನ್ನೊಂದು ಉತ್ತರ ಹುಡುಕ್ತಾರೆ, ಅದು ಬಿಡಿ. ಪೂರ್ವಕಾಲವೃತ್ತಾಂತ ಇನ್ನೊಂದು ಕೆಲಸ ಮಾಡುತ್ತೆ. ದಾವೀದನ ಮಗ ಸೊಲೊಮೋನ ದೇವಾಲಯ ಕಟ್ಟಿದ್ದು ಮೊರೀಯ ಬೆಟ್ಟದಲ್ಲಿ, ಅದೇ ಕಣದ ಜಾಗದಲ್ಲಿ ಅನ್ನುತ್ತೆ. ಮೊರೀಯ ಅನ್ನೋ ಹೆಸರು ಅದಕ್ಕೆ ಮುಂಚೆ ಬರೋದು ಒಂದೇ ಕಡೆ, ಅಬ್ರಹಾಮ ಮಗ ಇಸಾಕನನ್ನ ಬಲಿ ಕೊಡೋಕೆ ಕರ್ಕೊಂಡು ಹೋದ ನಾಡು ಅಂತ. ಆದಿಕಾಂಡದಲ್ಲಿ ಅದು ಮೊರೀಯ ನಾಡಿನ ಯಾವುದೋ ಒಂದು ಬೆಟ್ಟ, ಮೂರು ದಿನದ ದಾರಿ, ಅಷ್ಟೇ. ಒಂದು ವಾಕ್ಯದಲ್ಲಿ ಅಬ್ರಹಾಮನ ಬೆಟ್ಟ, ದಾವೀದನ ಕಣ, ಸೊಲೊಮೋನನ ಗುಡಿ ಮೂರೂ ಒಂದೇ ಸರ್ವೇ ನಂಬರಿಗೆ ಬಂದ್ಬಿಟ್ವು.

ಈ ಗಿಡ್ಡ ಗುಡ್ಡದ ಬಗ್ಗೆ ಕವಿಗಳು ಏನು ಬರೀತಾರೆ ನೋಡಿ. ಬೈಬಲ್‌ನ 48ನೇ ಕೀರ್ತನೆ, ಚೀಯೋನ್ ಬೆಟ್ಟ ಎತ್ತರವಾಗಿ ಸುಂದರವಾಗಿದೆ, ಭೂಮಿಗೆಲ್ಲ ಆನಂದ, ಉತ್ತರ ದಿಕ್ಕಿನ ತುದಿಯಲ್ಲಿದೆ. ಉತ್ತರದ ತುದಿ? ಯೆರೂಸಲೇಮ್ ಇರೋದು ನಾಡಿನ ದಕ್ಷಿಣ ಭಾಗದಲ್ಲಿ. ಇದು ತುಂಬಾ ಕಾಲ ಒಗಟಾಗಿತ್ತು. 1928ರಲ್ಲಿ ಸಿರಿಯಾ ಕರಾವಳಿಯಲ್ಲಿ ಒಬ್ಬ ರೈತನ ನೇಗಿಲಿಗೆ ಹಳೇ ಸಮಾಧಿಯ ಕಲ್ಲು ತಾಗಿತು, ಮರುವರ್ಷ ಫ್ರೆಂಚರು ಅಗೆದ್ರು, ಉಗಾರಿತ್ ಅನ್ನೋ ಊರು, ಅದರ ಮಣ್ಣಿನ ಹಲಗೆ ಬರಹಗಳು ಸಿಕ್ಕಿದ್ವು. ಅದರಲ್ಲಿ ಬಾಳ್ ದೇವರಿಗೆ ಒಂದು ಬೆಟ್ಟ, ಹೆಸರು ಸಾಫೋನ್, ಅದರ ಮೇಲೆ ಅವನ ಅರಮನೆ. ಇವತ್ತಿನ ಸಿರಿಯಾ ಟರ್ಕಿ ಗಡಿಯ ಜೆಬೆಲ್ ಅಕ್ರಾ ಅದು, ಸಮುದ್ರದ ಅಂಚಿಂದಲೇ ಎದ್ದು 1700 ಮೀಟರ್‌ಗಿಂತ ಮೇಲಕ್ಕೆ ಹೋಗೋ ಬೆಟ್ಟ, ಮೋಡ ಆಗಾಗ ಸುತ್ತಿಕೊಂಡಿರುತ್ತೆ. ಕೀರ್ತನೆಕಾರ ಮಾಡಿದ್ದು ಏನಪ್ಪಾ ಅಂದ್ರೆ ಬಾಳನ ಬೆಟ್ಟದ ಬಿರುದನ್ನೇ ಕಿತ್ತು ತನ್ನ ಗುಡ್ಡಕ್ಕೆ ಅಂಟಿಸಿದ. ಅವನಿಗೆ ಎತ್ತರ ಗೊತ್ತಿಲ್ವಾ? ದಿನಾ ಬೆಳಿಗ್ಗೆ ಎದುರುಗಡೆ ಎಣ್ಣೆಮರಗಳ ಗುಡ್ಡದ ಮೇಲಿಂದ ಸೂರ್ಯ ಹುಟ್ಟೋದು ನೋಡ್ತಿದ್ದ. 68ನೇ ಕೀರ್ತನೆಯಲ್ಲಂತೂ ಬಾಷಾನಿನ ಹಲವು ಶಿಖರಗಳ ಬೆಟ್ಟವನ್ನ ಕೂರಿಸಿ, ದೇವರು ವಾಸಕ್ಕೆ ಆರಿಸಿಕೊಂಡ ಬೆಟ್ಟವನ್ನ ಯಾಕೆ ಹೊಟ್ಟೆಕಿಚ್ಚಿನಿಂದ ನೋಡ್ತೀರಿ ಅಂತ ದಬಾಯಿಸ್ತಾನೆ. ದೊಡ್ಡ ಬೆಟ್ಟ ಸಣ್ಣ ಗುಡ್ಡವನ್ನ ಕಂಡು ಹೊಟ್ಟೆ ಉರ್ಕೊಳ್ಳೋದು, ಕಲ್ಪನೆ ಹೇಗಿದೆ!

ಚೀಯೋನ್ ಅನ್ನೋ ಹೆಸರು ಒಂದೇ ಕಡೆ ನಿಂತಿಲ್ಲ ಅನ್ನೋದೂ ಗೊತ್ತಿರಲಿ. ದಾವೀದ ಗೆದ್ದ ಚೀಯೋನ್ ಕೋಟೆ ದಕ್ಷಿಣದ ಸಣ್ಣ ದಿಣ್ಣೆ, ಗೀಹೋನ್ ಬುಗ್ಗೆಯ ಮೇಲೆ. ಆಮೇಲೆ ಹೆಸರು ದೇವಾಲಯದ ಗುಡ್ಡಕ್ಕೆ ಏರ್ತು. ಇವತ್ತು ಯೆರೂಸಲೇಮಿಗೆ ಹೋಗಿ ಚೀಯೋನ್ ಬೆಟ್ಟ ಎಲ್ಲಿ ಅಂತ ಕೇಳಿದ್ರೆ ಟ್ಯಾಕ್ಸಿಯವನು ನಿಮ್ಮನ್ನ ಮೂರನೇ ಜಾಗಕ್ಕೆ, ಪಶ್ಚಿಮದ ಗುಡ್ಡಕ್ಕೆ ಕರ್ಕೊಂಡು ಹೋಗ್ತಾನೆ.

ಚೀಯೋನ್ ಮಾದರಿ ಅಂದ್ರೆ ದೇವರು ಆರಿಸಿದ, ಇಲ್ಲೇ ಇರ್ತೀನಿ ಅಂದ, ಮುಗೀತು. ಸೀನಾಯಿಗೆ ಬಂದು ಹೋದ, ಇಲ್ಲಿ ಮನೆ ಮಾಡಿದ. ಇದರ ಅಪಾಯ ಏನು ಅಂತ ಮೊದಲು ಬಾಯಿಬಿಟ್ಟು ಹೇಳಿದವನು ಮೀಕ, ಕ್ರಿ.ಪೂ. 8ನೇ ಶತಮಾನದ ಹಳ್ಳಿ ಪ್ರವಾದಿ. ಅಧಿಪತಿಗಳು ಲಂಚ ತಗೊಂಡು ನ್ಯಾಯ ಹೇಳ್ತಾರೆ, ಯಾಜಕರು ಸಂಬಳಕ್ಕೆ ಬೋಧಿಸ್ತಾರೆ, ಆಮೇಲೆ ಯೆಹೋವ ನಮ್ಮ ನಡುವೆ ಇದ್ದಾನಲ್ಲ, ನಮಗೇನಾಗುತ್ತೆ ಅಂತಾರೆ. ನಿಮ್ಮ ದೆಸೆಯಿಂದ ಚೀಯೋನನ್ನ ಹೊಲದ ಹಾಗೆ ಉಳ್ತಾರೆ, ದೇವಾಲಯದ ಬೆಟ್ಟ ಕಾಡುಗುಡ್ಡ ಆಗುತ್ತೆ. ಕಣ ಆಗಿದ್ದ ಜಾಗ ಮತ್ತೆ ಹೊಲ. ಇಂಥ ಮಾತು ಆಡಿದವನು ಬದುಕಿದ್ದೇ ಹೆಚ್ಚು. ಸುಮಾರು ನೂರು ವರ್ಷದ ಮೇಲೆ ಯೆರೆಮೀಯ ಅದೇ ಅರ್ಥದ ಮಾತಾಡಿದಾಗ ಅವನನ್ನ ಕೊಲ್ಲೋಕೆ ಹಿಡೀತಾರೆ, ಆಗ ಊರಿನ ಕೆಲವು ಹಿರಿಯರು ಎದ್ದು, ಹಿಜ್ಕೀಯ ರಾಜನ ಕಾಲದಲ್ಲಿ ಮೀಕನೂ ಹೀಗೇ ಹೇಳಿದ್ದ, ಅವನನ್ನ ಕೊಂದ್ರಾ ಅಂತ ಈ ವಾಕ್ಯವನ್ನೇ ಉದ್ಧರಿಸಿ ಕೇಳ್ತಾರೆ. ಒಬ್ಬ ಪ್ರವಾದಿಯ ಪರ ವಾದದಲ್ಲಿ ಇನ್ನೊಬ್ಬ ಪ್ರವಾದಿಯ ಮಾತು ನಜೀರಾಗಿ ಬಂದಿದ್ದು.

ತಮಾಷೆ ಅಂದ್ರೆ ಮೀಕನ ಪುಸ್ತಕದಲ್ಲಿ ಆ ಉಳುಮೆಯ ವಾಕ್ಯದ ಮರುವಾಕ್ಯವೇ, ಅಂತ್ಯದಿನಗಳಲ್ಲಿ ಯೆಹೋವನ ಮನೆಯ ಬೆಟ್ಟ ಎಲ್ಲ ಬೆಟ್ಟಗಳಿಗಿಂತ ಎತ್ತರಕ್ಕೆ ಏಳುತ್ತೆ, ಜನಾಂಗಗಳು ಅದರ ಕಡೆ ಹರಿದು ಬರ್ತಾರೆ, ಕತ್ತಿಗಳನ್ನ ಕುಟ್ಟಿ ಗುಳ ಮಾಡ್ತಾರೆ ಅನ್ನೋದು. ಯೆಶಾಯ 2ರಲ್ಲೂ ಹೆಚ್ಚು ಕಡಿಮೆ ಅಕ್ಷರಕ್ಕಕ್ಷರ ಇದೆ. ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಯ ತೋಟದಲ್ಲಿ ಸುತ್ತಿಗೆ ಎತ್ತಿ ಕತ್ತಿಯನ್ನ ಬಡೀತಿರೋ ಗಂಡಸಿನ ವಿಗ್ರಹ ಇದೆಯಲ್ಲ, ಅದಕ್ಕೆ ಮೂಲ ಈ ವಾಕ್ಯ, ಅದನ್ನ 1959ರಲ್ಲಿ ಕೊಟ್ಟಿದ್ದು ಸೋವಿಯತ್ ಒಕ್ಕೂಟ! ಅದೇ ಭಾಗದಲ್ಲಿ ಧರ್ಮಶಾಸ್ತ್ರ ಚೀಯೋನಿನಿಂದ ಹೊರಡುತ್ತೆ ಅಂತ ಇದೆ. ಕೊಟ್ಟಿದ್ದು ಸೀನಾಯಿಯಲ್ಲಿ, ಹೊರಡೋದು ಚೀಯೋನಿಂದ. ಇವತ್ತಿಗೂ ಯಹೂದಿಗಳ ಪ್ರಾರ್ಥನಾಮಂದಿರ ಸಿನಗಾಗ್‌ನಲ್ಲಿ ಶಾಸ್ತ್ರದ ಸುರುಳಿ ಹೊರಗೆ ತೆಗೆಯೋವಾಗ ಈ ಸಾಲನ್ನೇ ಹಾಡ್ತಾರೆ.

ಮುಂದೆ ಕ್ರಿ.ಪೂ. 3, 2ನೇ ಶತಮಾನದ ಪುಸ್ತಕಗಳಿಗೆ ಬಂದ್ರೆ ಬೆಟ್ಟಗಳು ಇನ್ನೂ ವಿಚಿತ್ರ ಆಗ್ತವೆ. ಹನೋಕನ ಪುಸ್ತಕದಲ್ಲಿ ಇನ್ನೂರು ದೇವದೂತರು ಮನುಷ್ಯ ಹೆಣ್ಣುಗಳ ಮೇಲೆ ಕಣ್ಣು ಹಾಕಿ ಹೆರ್ಮೋನ್ ಬೆಟ್ಟದ ಮೇಲೆ ಇಳೀತಾರೆ, ಇಳಿದವರು ಮೊದ್ಲು ಮಾಡೋದು, ಯಾರೂ ಕೈಕೊಡಬಾರದು ಅಂತ ಒಬ್ಬರಿಗೊಬ್ಬರು ಆಣೆ ಹಾಕಿಸಿಕೊಳ್ಳೋದು. 2814 ಮೀಟರ್, ಆ ಪರ್ವತ ಸಾಲಿನಲ್ಲಿ ಅದಕ್ಕಿಂತ ಎತ್ತರ ಇಲ್ಲ, ಪಾಪ ಇಳಿದಿದ್ದು ಅಲ್ಲಿಗೆ. ಯೋಬೇಲಿಗಳ ಪುಸ್ತಕ ಅಂತ ಇನ್ನೊಂದಿದೆ, ಅದು ಏದೆನ್ ತೋಟ, ಸೀನಾಯಿ, ಚೀಯೋನ್ ಮೂರನ್ನೂ ಒಂದಕ್ಕೊಂದು ಎದುರುಬದುರಾಗಿ ಸೃಷ್ಟಿಸಿದ ಪವಿತ್ರ ಸ್ಥಳಗಳು, ಸೀನಾಯಿ ಮರುಭೂಮಿಯ ನಡು, ಚೀಯೋನ್ ಭೂಮಿಯ ಹೊಕ್ಕುಳ ಅನ್ನುತ್ತೆ. ಎರಡು ಮಾದರಿಗೂ ರಾಜಿ ಮಾಡಿಸೋ ಪ್ರಯತ್ನ. ನನಗೆ ಅದು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಕಾಣುತ್ತೆ, ತೀರಾ ಅಚ್ಚುಕಟ್ಟು. ಎರಡೂ ಪುಸ್ತಕಗಳು ಪೂರ್ತಿ ಉಳಿದಿದ್ದು ಇಥಿಯೋಪಿಯಾದ ಚರ್ಚಿನಲ್ಲಿ, ಗೀಜ್ ಭಾಷೆಯಲ್ಲಿ, ಆಮೇಲೆ ಮೃತಸಮುದ್ರದ ಹತ್ರ ಕುಮ್ರಾನ್ ಗುಹೆಗಳಲ್ಲಿ ಹಳೇ ತುಣುಕುಗಳು ಸಿಕ್ಕಿದ್ವು.

ಇನ್ನು ಜಗಳದ ವಿಷಯ. ಸಮಾರ್ಯರು ಅಂತ ಇದ್ದಾರೆ, ಇವತ್ತಿಗೂ ಇದ್ದಾರೆ, ಸಾವಿರಕ್ಕಿಂತ ಕಡಿಮೆ ಜನ. ಅವರಿಗೂ ಮೋಶೆಯ ಅದೇ ಐದು ಪುಸ್ತಕ, ಆದ್ರೆ ದೇವರು ಆರಿಸಿದ ಬೆಟ್ಟ ಗೆರಿಜ್ಜೀಮ್, 881 ಮೀಟರ್, ನಾಬ್ಲುಸ್ ಊರಿನ ಪಕ್ಕ. ಅವರ ದಶಾಜ್ಞೆಯಲ್ಲೇ ಗೆರಿಜ್ಜೀಮ್ ಮೇಲೆ ಬಲಿಪೀಠ ಕಟ್ಟಿ ಅನ್ನೋ ಆಜ್ಞೆ ಸೇರಿದೆ. ಅಲ್ಲಿದ್ದ ಅವರ ದೇವಾಲಯವನ್ನ ಕ್ರಿ.ಪೂ. 2ನೇ ಶತಮಾನದ ಕೊನೆಯ ಭಾಗದಲ್ಲಿ ಯಹೂದಿಗಳ ಮಹಾಯಾಜಕನೂ ಅಧಿಪತಿಯೂ ಆಗಿದ್ದ ಯೋಹಾನ ಹಿರ್ಕಾನಸ್ ಕೆಡವಿಸಿದ. ಆದ್ರೂ ಪ್ರತೀ ವರ್ಷ ಪಸ್ಕ ಹಬ್ಬಕ್ಕೆ ಕುರಿ ಬಲಿ ಅಲ್ಲೇ ನಡೆಯುತ್ತೆ. ರಬ್ಬಿಗಳ ಬೈಬಲ್ ವ್ಯಾಖ್ಯಾನ, ಅಂದ್ರೆ ಮಿದ್ರಾಶ್‌ನಲ್ಲಿ ಒಂದು ಕಥೆ ಬರುತ್ತೆ, ರಬ್ಬಿ ಯೋನಾತಾನ್ ಕತ್ತೆ ಮೇಲೆ ಯೆರೂಸಲೇಮಿಗೆ ಹೋಗ್ತಿದ್ದಾರೆ, ದಾರೀಲಿ ಒಬ್ಬ ಸಮಾರ್ಯ ಸಿಕ್ಕಿ, ಆ ತಿಪ್ಪೆಗುಂಡಿಗೆ ಯಾಕೆ ಹೋಗ್ತೀರಿ, ಈ ಆಶೀರ್ವಾದದ ಬೆಟ್ಟದಲ್ಲೇ ಪ್ರಾರ್ಥನೆ ಮಾಡಬಾರದಾ ಅಂತಾನೆ. ಇದಕ್ಕೇನು ವಿಶೇಷ ಅಂದ್ರೆ, ಜಲಪ್ರಳಯದ ನೀರು ಇದನ್ನ ಮುಳುಗಿಸ್ಲಿಲ್ಲ ಅಂತಾನೆ. ರಬ್ಬಿಗೆ ತಕ್ಷಣ ಉತ್ತರ ಹೊಳೆಯಲ್ಲ. ಕತ್ತೆ ಹೊಡ್ಕೊಂಡು ಬರ್ತಿದ್ದ ಆಳು, ಸ್ವಾಮಿ, ನಾನು ಹೇಳ್ಲಾ ಅಂದ. ಹೇಳಪ್ಪ. ಇದು ಎತ್ತರದ ಬೆಟ್ಟ ಆಗಿದ್ರೆ, ಎತ್ತರದ ಬೆಟ್ಟಗಳೆಲ್ಲ ಮುಚ್ಚಿಹೋದ್ವು ಅಂತ ಬರೆದಿದೆ, ಎತ್ತರ ಇಲ್ದಿದ್ರೆ ಅದನ್ನ ಹೇಳೋ ಲೆಕ್ಕಕ್ಕೂ ಶಾಸ್ತ್ರ ತಗೊಂಡಿಲ್ಲ. ರಬ್ಬಿ ಕತ್ತೆಯಿಂದ ಇಳಿದು ಆಳನ್ನ ಹತ್ತಿಸಿ ಕೆಲವು ಮೈಲಿ ಅವನ ಜೊತೆ ನಡೆದ್ರಂತೆ. ಈ ಕಥೆಯಲ್ಲಿ ಗೆದ್ದಿದ್ದು ಯೆರೂಸಲೇಮ್ ಅಂತ ಅವರು ಬರ್ಕೊಂಡಿದ್ದಾರೆ, ನನಗೆ ಗೆದ್ದಿದ್ದು ಆ ಕತ್ತೆಯ ಆಳು. ಇನ್ನೊಂದು, ಈ ಕಥೆ ಹುಟ್ಟೋ ಹೊತ್ತಿಗೆ ಯೆರೂಸಲೇಮಿನ ದೇವಾಲಯವೂ ಇರಲಿಲ್ಲ, ಗೆರಿಜ್ಜೀಮಿನದ್ದೂ ಇರಲಿಲ್ಲ. ಎರಡೂ ಪಾಳು, ವಾದ ಮಾತ್ರ ಗಟ್ಟಿ.

ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಸುಟ್ಟರು. ಇಲ್ಲಿಗೆ ಚೀಯೋನ್ ಮಾದರಿಗೆ ನಿಜವಾದ ಪರೀಕ್ಷೆ. ಸೀನಾಯಿ ಲೆಕ್ಕ ಹಿಡಿದ್ರೆ ಸಾನ್ನಿಧ್ಯ ಹೋಯ್ತು, ಬೇಲಿ ತೆಗೀಬೇಕು, ಕುರಿ ಮೇಯಬಹುದು. ರಬ್ಬಿಗಳು ಏನು ಮಾಡಿದ್ರು? ಸುಮಾರು ಕ್ರಿ.ಶ. 200ಕ್ಕೆ ರಬ್ಬಿಗಳ ಕಟ್ಟಳೆಗಳ ಸಂಗ್ರಹ ಮಿಶ್ನಾ ಸಂಕಲನ ಆಯ್ತು, ಅಂದ್ರೆ ಗುಡಿ ಹೋಗಿ ನೂರಮೂವತ್ತು ವರ್ಷ ಆಗಿದೆ, ಆದ್ರೂ ಅದರಲ್ಲಿ ಅಳತೆ ಸಮೇತ ಎಲ್ಲ ಇದೆ. ದೇವಾಲಯದ ಬೆಟ್ಟ ಐನೂರು ಮೊಳ ಉದ್ದ, ಐನೂರು ಮೊಳ ಅಗಲ. ಮಹಾಪವಿತ್ರ ಸ್ಥಳದಲ್ಲಿ ಒಡಂಬಡಿಕೆಯ ಮಂಜೂಷ, ಅಂದ್ರೆ ದಶಾಜ್ಞೆಯ ಕಲ್ಲಿನ ಹಲಗೆಗಳಿದ್ದ ಪೆಟ್ಟಿಗೆ, ಹೋದ ಮೇಲೆ ಉಳಿದಿದ್ದು ಒಂದು ಕಲ್ಲು, ನೆಲದಿಂದ ಮೂರು ಬೆರಳಷ್ಟು ಎತ್ತರ, ಮಹಾಯಾಜಕ ಅದರ ಮೇಲೆ ಕೆಂಡದ ಪಾತ್ರೆ ಇಡ್ತಿದ್ದ. ಲೋಕ ಶುರುವಾಗಿದ್ದೇ ಆ ಕಲ್ಲಿಂದ ಅಂತ ತೊಸೆಫ್ತಾ ಅನ್ನೋ ಜೊತೆಗ್ರಂಥ ಹೇಳುತ್ತೆ. ಸಾಫೋನ್ 1700 ಮೀಟರ್, ಹೆರ್ಮೋನ್ 2814, ಇವರ ಲೋಕದ ನೆತ್ತಿ ಮೂರು ಬೆರಳು.

ಆಮೇಲೆ ನಡವಳಿಕೆ. ದೇವಾಲಯದ ಬೆಟ್ಟಕ್ಕೆ ಕೋಲು ಹಿಡ್ಕೊಂಡು ಹೋಗಬೇಡಿ, ಚಪ್ಪಲಿ ಹಾಕ್ಕೊಂಡು ಹೋಗಬೇಡಿ, ಸೊಂಟಕ್ಕೆ ದುಡ್ಡಿನ ಚೀಲ ಕಟ್ಕೊಂಡು ಹೋಗಬೇಡಿ, ಕಾಲಲ್ಲಿ ಧೂಳು ಇಟ್ಕೊಂಡು ಹೋಗಬೇಡಿ, ಉಗಿಯೋದಂತೂ ಬೇಡವೇ ಬೇಡ. ಮತ್ತೆ ಅದನ್ನ ಶಾರ್ಟ್‌ಕಟ್ ಮಾಡ್ಕೊಬೇಡಿ! ಈ ಕೊನೇದು ಓದಿದ್ರೆ ಗೊತ್ತಾಗುತ್ತೆ, ಯಾರೋ ತರಕಾರಿ ಚೀಲ ಹಿಡ್ಕೊಂಡು ಈ ಬಾಗಿಲಿಂದ ಆ ಬಾಗಿಲಿಗೆ ದಾಟ್ತಿದ್ದಿರಬೇಕು. ಇದಕ್ಕೆ ಪಕ್ಕದಲ್ಲಿ ಇನ್ನೊಂದು ಇಟ್ಟು ನೋಡಿ, 1871ರಲ್ಲಿ ಕ್ಲೆರ್ಮಾಂ ಗಾನೋ ಅನ್ನೋ ಫ್ರೆಂಚ್ ವಿದ್ವಾಂಸ ಯೆರೂಸಲೇಮಿನಲ್ಲಿ ಒಂದು ಗ್ರೀಕ್ ಶಾಸನ ಪತ್ತೆ ಮಾಡಿದ, ಗುಡಿ ಇದ್ದಾಗ ಒಳಗಿನ ಕಟಕಟೆಗೆ ಹಾಕಿದ್ದ ಬೋರ್ಡು. ಹೊರಜನಾಂಗದವರು ಯಾರೂ ಒಳಗೆ ಬರಬಾರದು, ಸಿಕ್ಕಿಬಿದ್ರೆ ಆಗೋ ಸಾವಿಗೆ ಅವರೇ ಹೊಣೆ. ಈಗ ಅದು ಇಸ್ತಾಂಬುಲ್ ಮ್ಯೂಸಿಯಮ್‌ನಲ್ಲಿದೆ. ಸೀನಾಯಿಯ ಮುಟ್ಟಿದ್ರೆ ಸಾವು ಅನ್ನೋ ಬೇಲಿಯನ್ನೇ ಕಲ್ಲಲ್ಲಿ ಕೆತ್ತಿ ನಿಲ್ಲಿಸಿದ ಹಾಗಿದೆ, ಕೊಂಬು ಊದೋ ಷರತ್ತು ಮಾತ್ರ ಬಿಟ್ಟುಹೋಗಿದೆ.

ಪಾಳುಬಿದ್ದ ಮೇಲಿನ ಒಂದು ದೃಶ್ಯ ತಾಲ್ಮುದ್‌ನಲ್ಲಿದೆ. ರಬ್ಬಾನ್ ಗಮಲಿಯೇಲ್, ರಬ್ಬಿ ಎಲಾಜಾರ್, ರಬ್ಬಿ ಯೆಹೋಶುವ, ರಬ್ಬಿ ಅಕಿವಾ ನಾಲ್ವರೂ ಯೆರೂಸಲೇಮಿಗೆ ಬರ್ತಾರೆ, ದೂರದ ಸ್ಕೋಪಸ್ ಗುಡ್ಡದಿಂದ ಊರು ಕಂಡಾಗಲೇ ಬಟ್ಟೆ ಹರ್ಕೊಳ್ತಾರೆ, ದೇವಾಲಯದ ಬೆಟ್ಟಕ್ಕೆ ಬಂದ್ರೆ ಮಹಾಪವಿತ್ರ ಸ್ಥಳದೊಳಗಿಂದ ಒಂದು ನರಿ ಹೊರಗೆ ಬರ್ತಿದೆ. ಮೂವರು ಅಳ್ತಾರೆ, ಅಕಿವಾ ನಗ್ತಾರೆ. ಯಾಕೆ ನಗ್ತೀರಿ ಅಂದ್ರೆ, ಚೀಯೋನನ್ನ ಹೊಲದ ಹಾಗೆ ಉಳ್ತಾರೆ ಅನ್ನೋ ಮಾತು ನಿಜ ಆಯ್ತಲ್ಲ, ಹಾಗಾದ್ರೆ ಯೆರೂಸಲೇಮಿನ ಬೀದಿಗಳಲ್ಲಿ ಮತ್ತೆ ಮುದುಕ ಮುದುಕಿಯರು ಕೂತ್ಕೊಳ್ತಾರೆ ಅನ್ನೋ ಜೆಕರ್ಯನ ಮಾತೂ ನಿಜ ಆಗುತ್ತೆ ಅಂತಾರೆ. ಮೀಕ ಬೈದಿದ್ದನ್ನೇ ಗ್ಯಾರಂಟಿ ಪತ್ರ ಮಾಡ್ಕೊಂಡ್ರು. ಆ ಕಡೆ ದಿನದ ಪ್ರಾರ್ಥನೆಗೆ ಆ ಗುಡ್ಡ ಬರೀ ದಿಕ್ಕಾಯ್ತು, ಕತ್ತೆ ಮೇಲೆ ಹೋಗ್ತಿರೋನು ಇಳಿದು ಪ್ರಾರ್ಥಿಸಲಿ, ಇಳಿಯೋಕಾಗ್ದಿದ್ರೆ ಮುಖ ತಿರುಗಿಸಲಿ, ಅದೂ ಆಗ್ದಿದ್ರೆ ಮನಸ್ಸನ್ನಾದ್ರೂ ಆ ಕಡೆ ತಿರುಗಿಸಲಿ ಅನ್ನುತ್ತೆ ಮಿಶ್ನಾ.

ಆದ್ರೆ ಬೇಲಿ ತೆಗೆದ್ರಾ? ಇಲ್ಲ. 12ನೇ ಶತಮಾನದಲ್ಲಿ ಮೈಮೋನಿದೀಸ್ ಅನ್ನೋ ಯಹೂದಿ ಪಂಡಿತರು ಖಡಾಖಂಡಿತ ಹೇಳಿದ್ರು, ಆ ಜಾಗದ ಪಾವಿತ್ರ್ಯ ಸಾನ್ನಿಧ್ಯದಿಂದ ಬಂದಿದ್ದು, ಸಾನ್ನಿಧ್ಯ ರದ್ದಾಗಲ್ಲ, ಪಾಳಾದ್ರೂ ಪವಿತ್ರವೇ. ರಬ್ಬಿ ಯೋಸೆ ಸೀನಾಯಿ ಬಗ್ಗೆ ಹೇಳಿದ್ದನ್ನ ನೆನಪಿಟ್ಕೊಂಡು ಇದನ್ನ ಓದಿ, ಎರಡೂ ಒಂದೇ ಪರಂಪರೆಯೊಳಗೆ ಅಕ್ಕಪಕ್ಕ ಕೂತಿವೆ. ಇವತ್ತು ಆ ಗುಡ್ಡದ ಮೇಲೆ 7ನೇ ಶತಮಾನದ ಕೊನೇಲಿ ಕಟ್ಟಿದ ಬಂಡೆಯ ಗುಮ್ಮಟ, ಅಲ್ ಅಕ್ಸಾ ಮಸೀದಿ ಇವೆ, ಮುಸ್ಲಿಮರಿಗೂ ಅದು ಬಹಳ ದೊಡ್ಡ ಪವಿತ್ರ ಸ್ಥಳ. ಪ್ರವಾಸಿಗಳು ಹತ್ತೋ ಬಾಗಿಲ ಹತ್ರ ಇಸ್ರೇಲಿನ ಮುಖ್ಯ ರಬ್ಬಿಗಳ ಬೋರ್ಡ್ ಇದೆ, ಸ್ಥಳದ ಪಾವಿತ್ರ್ಯದ ಕಾರಣ ಧರ್ಮಶಾಸ್ತ್ರದ ಪ್ರಕಾರ ಇಲ್ಲಿ ಪ್ರವೇಶ ನಿಷಿದ್ಧ ಅಂತ. ಶುದ್ಧೀಕರಣದ ವಿಧಿ ಈಗ ಸಾಧ್ಯ ಇಲ್ಲದ್ದರಿಂದ ಒಳಗೆ ಕಾಲಿಟ್ರೆ ದೋಷ ಅನ್ನೋದು ಅವರ ವಾದ. ಇದನ್ನ ಒಪ್ಪದೆ ಸ್ನಾನ ಮಾಡಿ, ಚರ್ಮದ ಚಪ್ಪಲಿ ಬಿಟ್ಟು ಹತ್ತೋ ಯಹೂದಿಗಳೂ ಇದ್ದಾರೆ, ಅದರ ಸುತ್ತ ರಾಜಕೀಯವೂ ಗಲಾಟೆಯೂ ಸಾಕಷ್ಟಿದೆ. ಹತ್ತಬಹುದು ಅನ್ನೋ ರಬ್ಬಿಗಳು ಹಿಡ್ಕೊಂಡಿರೋದು ಮಿಶ್ನಾದ ಆ ಐನೂರು ಮೊಳವನ್ನೇ. ಹೆರೋದ ರಾಜ ಗುಡ್ಡಕ್ಕೆ ಮಣ್ಣು ತುಂಬಿಸಿ, ಕಮಾನು ಕಟ್ಟಿಸಿ ಜಗಲಿಯನ್ನ ಸುಮಾರು 14 ಹೆಕ್ಟೇರ್‌ಗೆ ಹಿಗ್ಗಿಸಿದ್ದ, ಐನೂರು ಮೊಳದ ಚೌಕ ಅದರ ಹೆಚ್ಚು ಕಮ್ಮಿ ಅರ್ಧದಷ್ಟೇ, ಹಾಗಾಗಿ ಹೆರೋದ ಸೇರಿಸಿದ ಅಂಚಿನಲ್ಲೇ ನಡೆದ್ರೆ ತೊಂದರೆ ಇಲ್ಲ ಅಂತ ಅವರ ಲೆಕ್ಕ. ಆ ಚೌಕ ಸರಿಯಾಗಿ ಎಲ್ಲಿಂದ ಎಲ್ಲಿಗೆ, ಒಂದು ಮೊಳಕ್ಕೆ ಎಷ್ಟು ಸೆಂಟಿಮೀಟರ್ ಅನ್ನೋದರ ಮೇಲೆ ಒಬ್ಬೊಬ್ಬರದ್ದು ಒಂದೊಂದು ನಕ್ಷೆ.